ತೊಟ್ಟು ಚಿವುಟಿದ ಎಲೆಗಳು

ದಾವಣಗೆರೆ
೧೨-೨-೧೯೬೧, ಭಾನುವಾರ

ಉಮಾಮಹೇಶ್ವರಿಗೆ,

ಆಶೀರ್ವಾದದಿಂದ ಆರಂಭಿಸುವುದು ವಾಡಿಕೆ. ಈ ಸಲ ಆ ಪದವನ್ನು ನೀನು ಯಾವ ಮುಖ ಮಾಡಿಕೊಂಡು ಓದುತ್ತೀ ಎಂಬುದು ಮೊದಲೇ ಕಣ್ಣಿಗೆ ಕಟ್ಟಿತು. ಬಿಟ್ಟಿದ್ದೇನೆ.

ನೀನೂ ಅತ್ತೆಯವರೂ ನಿನ್ನ ತವರು ಹರಿಹರಕ್ಕೆ ಹೋಗಿ ಇಂದಿಗೆ ಒಂಬತ್ತು ದಿನ. ನಾನು ಕ್ಷೇಮವಾಗಿದ್ದೇನೆ. ಕಾಲೇಜಿಗೆ ಹೋಗುತ್ತೇನೆ, ಬರುತ್ತೇನೆ. ಮಿಲ್ಲಿನ ಕೂಗು ಕೇಳಿ ಏಳುತ್ತೇನೆ. ಮನೆಯಲ್ಲಿ ಶಬ್ದವಿಲ್ಲ. ಓದುವವನಿಗೆ ಇದು ಅನುಕೂಲವಾಗಬೇಕಿತ್ತು.

ಈ ಕಾಗದ ಬರೆಯುತ್ತಿರುವುದು ಒಂದು ಪ್ರಶ್ನೆ ಕೇಳುವುದಕ್ಕೆ. ಅಟ್ಟದ ಮೇಲಿನ ಕಟ್ಟುಗಳಲ್ಲಿ, ಅಥವಾ ಟ್ರಂಕಿನ ಹಿಂದೆ, ಎಲ್ಲಾದರೂ ತೊಟ್ಟು ಚಿವುಟದೆ ಉಳಿದ ಎಲೆಗಳು ಇವೆಯೇ ಎಂದು ಅತ್ತೆಯವರನ್ನು ಕೇಳಿ ಬರೆ. ಒಂದು ಕಟ್ಟು ಸಿಕ್ಕರೂ ಸಾಕು. ಇದುವರೆಗೆ ನಾನು ಬಿಚ್ಚಿದ ಅರವತ್ತು ಕಟ್ಟುಗಳಲ್ಲಿ ಒಂದು ಎಲೆಗೂ ತೊಟ್ಟಿಲ್ಲ. ಎಲ್ಲವನ್ನೂ ಒಂದೇ ಅಳತೆಗೆ, ಬುಡಕ್ಕೆ ಸರಿಯಾಗಿ, ಉಗುರಿನಿಂದ ತೆಗೆಯಲಾಗಿದೆ. ಕೆಲಸ ಎಷ್ಟು ಅಚ್ಚುಕಟ್ಟೆಂದರೆ ಸಿಟ್ಟು ಮಾಡುವುದಕ್ಕೂ ಒಂದು ಒರಟು ಅಂಚು ಸಿಗುವುದಿಲ್ಲ.

ಏಳು ವರ್ಷದಿಂದ ನೀನು ಈ ವಿಷಯವನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದೀ. ಆದರೂ ಮತ್ತೊಮ್ಮೆ ಬರೆಯುತ್ತೇನೆ. ನನ್ನ ಕಷ್ಟ ಯಾವುದು ಎಂಬುದು ನಿನಗೆ ತಿಳಿದಿರಲಿ.

ಕಾಡಿನ ತಳದಲ್ಲಿ, ದೊಡ್ಡ ಮರಗಳ ಕೆಳಗೆ, ನೂರು ಪಾಲು ಬೆಳಕಿನಲ್ಲಿ ಎರಡೋ ಮೂರೋ ಪಾಲು ಇಳಿಯುತ್ತದೆ. ಅಲ್ಲಿ ಬದುಕುವ ಸಣ್ಣ ಮರಕ್ಕೆ ಎರಡು ನೆರಳುಗಳ ಕಾಟ. ಒಂದು ಮೇಲಿನ ಮರಗಳದು. ಅದಕ್ಕೆ ಏನೂ ಮಾಡುವಂತಿಲ್ಲ. ಇನ್ನೊಂದು ತನ್ನದೇ ಮೇಲಿನ ಎಲೆ ತನ್ನದೇ ಕೆಳಗಿನ ಎಲೆಯ ಮೇಲೆ ಹಾಕುವ ನೆರಳು. ಇದನ್ನು ಆಕಾರದಿಂದ ತಪ್ಪಿಸಿಕೊಳ್ಳಬಹುದು. ಎಲೆ ಕೊಂಬೆಯ ಹತ್ತಿರ ಕಿರಿದಾಗಿದ್ದು, ಮುಂದೆ ಹೋಗಿ ಅಗಲವಾದರೆ, ನಡುವೆ ಸಂದಿ ಉಳಿಯುತ್ತದೆ. ಕೆಳಗಿನ ಎಲೆಗೆ ಆ ಸಂದಿಯಿಂದ ಬೆಳಕು ಬೀಳುತ್ತದೆ. ಇಷ್ಟೇ ನನ್ನ ವಾದ. ಮೂವತ್ತೆರಡು ಜಾತಿಯ ಮರಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಎಲೆಗಳನ್ನು ತಂದು ಉದ್ದ ಅಗಲ ಅಳೆದೆ. ಹದಿನೇಳು ಜಾತಿಗಳು ನಾನು ಹೇಳಿದಂತೆ ಕೇಳಿದವು. ಹದಿನೈದು ಕೇಳಲಿಲ್ಲ. ಅವುಗಳ ಎಲೆ ಬುಡದಲ್ಲಿಯೇ ದುಂಡಗೆ, ಅಗಲವಾಗಿತ್ತು. ಲೆಕ್ಕದ ಪ್ರಕಾರ ಒಂದರ ಮೇಲೊಂದು ಕವುಚಿಕೊಂಡು ಬೆಳಕಿಲ್ಲದೆ ಸಾಯಬೇಕಾಗಿದ್ದ ಮರಗಳು ಅಲ್ಲಿ ಸುಖವಾಗಿದ್ದವು. ಈ ಹದಿನೈದನ್ನು ಸಮಾಧಾನಪಡಿಸಲು ನಾನು ಇಪ್ಪತ್ತೆರಡು ಪುಟ ಬರೆದೆ.

ಮೈಸೂರಿನ ಪ್ರೊಫೆಸರರು ಪ್ರಬಂಧ ಓದಿ ಒಂದು ಕಾರ್ಡು ಹಾಕಿದರು. ತೊಟ್ಟಿನ ಅಳತೆ ಎಲ್ಲಿ, ಎಂದು ಕೇಳಿದ್ದರು. ಎಲೆ ದುಂಡಗಿದ್ದರೂ ಉದ್ದನೆಯ ತೊಟ್ಟಿನ ಮೇಲೆ ಕೊಂಬೆಯಿಂದ ದೂರ ನಿಂತರೆ ಅದೇ ಸಂದಿ ಸಿಗುತ್ತದಲ್ಲವೆ, ತೊಟ್ಟು ಬಿಟ್ಟು ಆಕಾರದ ಮಾತಾಡುವುದು ಹೇಗೆ, ಎಂದು. ಮೂರೇ ಸಾಲು. ಇಪ್ಪತ್ತೆರಡು ಪುಟಕ್ಕೆ ಮೂರು ಸಾಲು ಸಾಕಾಯಿತು.

ನನ್ನ ಪಿಎಚ್.ಡಿ. ನೋಂದಣಿ ಜೂನ್ ಮೂವತ್ತಕ್ಕೆ ಮುಗಿಯುತ್ತದೆ. ಮತ್ತೆ ಅಷ್ಟೂ ಎಲೆಗಳನ್ನು ತರುವುದಕ್ಕೆ ಕನಿಷ್ಠ ಎರಡು ರಜೆಗಳು ಬೇಕು. ನನಗೆ ನಲವತ್ತೆಂಟು. ಇನ್ನೊಮ್ಮೆ ಹೊಸದಾಗಿ ಹೆಸರು ಬರೆಸಿಕೊಳ್ಳುವ ವಯಸ್ಸಲ್ಲ.

ಆ ಕಾರ್ಡು ಬಂದ ಸಂಜೆ ನಾನು ಅತ್ತೆಯವರಿಗೆ ಏನೋ ಒಂದು ಮಾತು ಅಂದೆ. ಸಂದರ್ಭ ಹಾಗಿತ್ತು. ಎಲೆ ಹಚ್ಚುವ ಕೈಗೆ ತೊಟ್ಟು ಚಿವುಟುವುದು ಅಭ್ಯಾಸ. ಮುತ್ತುಗದ ಊಟದೆಲೆಗೆ ಏನು ಮಾಡುತ್ತಾರೋ ಅದನ್ನೇ ಅವರು ನನ್ನ ಎಲೆಗಳಿಗೂ ಮಾಡಿದರು. ಇದು ತಪ್ಪಲ್ಲದಿರಬಹುದು. ಆದರೆ ಏಳು ವರ್ಷ ಹೋಯಿತು ಎಂಬುದಂತೂ ಸುಳ್ಳಲ್ಲ.

ಊಟಕ್ಕೆ ದ್ರಾಕ್ಷಾಯಣಮ್ಮನ ಖಾನಾವಳಿಗೆ ಹೋಗುತ್ತೇನೆ. ಮೊನ್ನೆ ಬಡಿಸುವ ಮೊದಲು ಎಲೆಯನ್ನು ಮಗುಚಿ ನೋಡುತ್ತಿದ್ದೆ. ಆಕೆ ಸೌಟು ಹಿಡಿದುಕೊಂಡೇ ಬಂದು, "ಏನ್ ಹುಡುಕ್ತೀರಿ ಮೇಷ್ಟ್ರೇ, ಹುಳ ಐತೇನು? ತೊಳ್ದೇ ಹಾಕೀವ್ರಿ" ಎಂದಳು. ತೊಟ್ಟು ನೋಡುತ್ತಿದ್ದೇನೆ ಎಂದೆ. "ತೊಟ್ಟು ಯಾರಾದ್ರೂ ಬಿಡ್ತಾರೇನ್ರಿ, ನೆಟ್ಟಗೆ ಕೂಡ್ರಿ, ಸಾರು ಹರೀತೈತೆ" ಎಂದು ಬಡಿಸಿಬಿಟ್ಟಳು. ಪಕ್ಕದ ಸಾಲಿನವರು ನಕ್ಕರು. ಈ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವನ್ನು ಗಮನಿಸದೆ ಇದ್ದವನು ಸಸ್ಯಶಾಸ್ತ್ರ ಕಲಿಸುವವನೊಬ್ಬನೇ.

ಕೇಳಿ ಬರೆ. ಬೇಗ ಬರೆ.

ಉತ್ತರ ಕಾಯುತ್ತಿರುವ,
ವಾಮದೇವಪ್ಪ

ತಾ.ಕ.: ಅತ್ತೆಯವರ ಕಣ್ಣಿನ ಹನಿಯ ಸೀಸೆ ಗೂಡಿನಲ್ಲೇ ಉಳಿದಿತ್ತು. ಹರಿಹರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದೇನೆ. ನನಗೆ ಬರುವುದಕ್ಕೆ ಆಗಲಿಲ್ಲ, ಕಾಲೇಜಿನಲ್ಲಿ ಕೆಲಸವಿತ್ತು.

 

ಹರಿಹರ
೧೭-೨-೧೯೬೧

ಯಜಮಾನರಿಗೆ ಉಮಾಮಹೇಶ್ವರಿಯ ಶರಣಾರ್ಥಿ.

ಕಣ್ಣಿನ ಹನಿ ತಲುಪಿತು. ಕಂಡಕ್ಟರು ಮನೆಯತನಕ ಬಂದು ಕೊಟ್ಟು, "ನಿಮ್ಮೆಜಮಾನ್ರು ಸ್ಟಾಂಡಿನಾಗೆ ಅರ್ಧ ತಾಸು ನಿಂತಿದ್ರು ಕಣ್ರಮ್ಮಾ. ಹತ್ರಿ, ಸೀಟು ಐತೆ ಅಂದೆ. ಸೀಸೆ ಕೊಟ್ಟು ವಾಪಸ್ ಹೋದ್ರು" ಎಂದ. ಕಾಲೇಜಿನ ಕೆಲಸ ಬಸ್ ಸ್ಟಾಂಡಿನಲ್ಲಿ ನಡೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ಏನೋ ಒಂದು ಮಾತು ಅಂದೆ" ಎಂದು ಬರೆದಿದ್ದೀರಿ. ಆ ಮಾತು ನಿಮಗೆ ಮರೆತಿದ್ದರೆ ನಾನು ಬರೆಯುತ್ತೇನೆ. "ಕಣ್ಣು ಕಾಣದವರು ಹಾಕಿದ್ದು ಉಂಡು ಮೂಲೆಯಲ್ಲಿ ಕೂತಿರಬೇಕು, ಕಂಡದ್ದಕ್ಕೆಲ್ಲ ಕೈ ಹಾಕಬಾರದು" ಎಂದಿರಿ. ಬೆಳಿಗ್ಗೆ ಅವ್ವ ಸೀರೆಗಳನ್ನು ಗಂಟು ಕಟ್ಟುವಾಗ ನನಗೆ ಹೇಳಿದಳು, "ಪೊರೆ ತೆಗೆಸ್ಕೊಂಡು ಹೋಗಾಕೆ ಬಂದೋಳು ಏಳು ವರ್ಷ ಅಳಿಯನ ಮನೆ ಅನ್ನ ಉಂಡೆ. ನಂದೇ ತಪ್ಪು ಬಿಡು" ಎಂದು. ನೀವು ಒಳಗೆ ಕಟ್ಟು ಬಿಚ್ಚುತ್ತಿದ್ದಿರಿ. ಹೊರಗೆ ಬರಲಿಲ್ಲ.

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಪಡಸಾಲೆಯಲ್ಲಿ ಎಲೆ ಹಚ್ಚುತ್ತಾ ಕೇಳಿದಳು. ಕೈ ನಿಲ್ಲಿಸಲಿಲ್ಲ. ಹೇಳಿದ ಹಾಗೆ ಕೇಳದ ಹದಿನೈದು ಜಾತಿಗಳ ಮಾತು ಬಂದಾಗ ಮಾತ್ರ ಕಡ್ಡಿಯನ್ನು ಕೆಳಗಿಟ್ಟಳು.

"ಬುಡ ದುಂಡಗಿದ್ವು ಅಂತಾರಲ್ಲ, ಅವಕ್ಕೆ ಚೋಟುದ್ದ ತೊಟ್ಟು ಇರ್ತಿತ್ತು ಕಣೇ. ಸಲೀಸಾಗಿ ಕಿತ್ತು ಬರ್ತಿದ್ವು. ಬುಡ ಸಣ್ಣಗಿದ್ದವಕ್ಕೆ ತೊಟ್ಟೇ ಇಲ್ಲ, ಉಗುರು ಹಚ್ಚಾಕೆ ಜಾಗ ಸಿಗ್ತಿರಲಿಲ್ಲ. ಬೆರಳು ನೋಯ್ತಿದ್ವು. ಒಂದಾದ್ರೂ ತಪ್ಪಿಲ್ಲ, ಅದಿದ್ರೆ ಇದಿಲ್ಲ, ಇದಿದ್ರೆ ಅದಿಲ್ಲ. ಇಷ್ಟಕ್ಕೆ ನಾಕು ಸಾವ್ರ ಎಲೆ ಅಳೀಬೇಕಾಗಿತ್ತಾ? ನನ್ನ ಕೇಳಿದ್ರೆ ಒಂದು ಮಾತಿನಾಗೆ ಹೇಳ್ತಿದ್ದೆ."

ಮುರುಗೇಶಣ್ಣ ಅಂಗಡಿಗೆ ಹೊರಟವನು ಬಾಗಿಲಲ್ಲೇ ನಿಂತು, "ಬಿ.ಎಸ್ಸಿ., ಎಂ.ಎಸ್ಸಿ. ಓದಿದೋರು ನಿನ್ನ ಕೇಳಾಕೆ ಬರ್ತಾರೇನಬೇ, ಸುಮ್ನಿರು" ಎಂದ. "ಬರಬ್ಯಾಡ ಅಂದೋರ್ಯಾರು, ಒಂಬತ್ತು ಮೈಲಿ ಐತೆ" ಎಂದಳು ಅವ್ವ. ಬಿಸಿಲು ಬಿದ್ದ ಎಲೆ ದಪ್ಪ, ಚಿಕ್ಕದು, ಮಡಿಸಿದರೆ ಸೀಳುತ್ತದೆ. ನೆರಳಿನದು ಅಗಲ, ತೆಳು, ಹಚ್ಚಲು ಹದ, ಎಂದೂ ಹೇಳಿದಳು. ಇದು ನಿಮಗೆ ಮೊದಲೇ ಗೊತ್ತಿರಬಹುದು.

ನಿಮ್ಮ ಪತ್ರ ಓದಿದ ಮೇಲೆ ನಾನೂ ಹೊಳೆಯ ದಾರಿಯ ಅರಳಿಕಟ್ಟೆಯ ಮೇಲೆ ಕೂತು ಕತ್ತೆತ್ತಿ ನೋಡಿದೆ. ಅರಳಿ ಎಲೆಯ ಬುಡ ಅಗಲ, ತೊಟ್ಟು ಉದ್ದ. ಅರಳಿ ಕಾಡಿನ ನೆರಳಿನ ಮರವಲ್ಲ ಎಂದು ನೀವು ಹೇಳುತ್ತೀರಿ. ಇರಲಿ. ಕತ್ತೆತ್ತಿ ನೋಡಿದರೆ ಕಾಣುತ್ತದೆ ಎಂದಷ್ಟೇ ನಾನು ಹೇಳುವುದು. ನೀವು ಎಲೆಗಳನ್ನು ಯಾವಾಗಲೂ ಮೇಜಿನ ಮೇಲೆ ಬಗ್ಗಿ ನೋಡಿದಿರಿ.

ಇದನ್ನು ನಮ್ಮ ಸಂಸಾರಕ್ಕೆ ಹೋಲಿಸಿ ಯಾರ ನೆರಳು ಯಾರ ಮೇಲೆ ಎಂದು ಎರಡು ಪುಟ ಬರೆಯಬೇಡಿ. ಬರೆದರೆ ಓದುವುದಿಲ್ಲ.

ತೊಟ್ಟು ಉಳಿದ ಎಲೆ ಒಂದೂ ಇಲ್ಲ. ಅವ್ವ ಒಂದನ್ನೂ ಬಿಟ್ಟಿಲ್ಲ. ಹೇಳಿದ ಕೆಲಸವನ್ನು ಅರ್ಧ ಮಾಡುವವಳಲ್ಲ ಅವಳು. ಹೇಳಿದವರು ಯಾರು ಎಂಬುದನ್ನು ನಿಮ್ಮ ಪತ್ರದಲ್ಲಿ ಹುಡುಕಿದೆ, ಇರಲಿಲ್ಲ. ಅಭ್ಯಾಸ ಎಂದು ಬರೆದಿದ್ದೀರಿ. ಆ ದಿನ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವ್ವನಿಗೂ ಅದು ನೆನಪಿದೆ. ಆದರೆ ಅಳಿಯನ ಮೇಲೆ ಎತ್ತಿ ಹೇಳಬಾರದು ಎಂದು ಸುಮ್ಮನಿದ್ದಾಳೆ. ನೀವೇ ಹೇಳಬೇಕು. ಹೇಳುವವರೆಗೆ ನಾವು ಬರುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ.

ನಿಮ್ಮವಳೇ ಆದ,
ಉಮಾಮಹೇಶ್ವರಿ

ತಾ.ಕ.: "ಆ ಎಲೆ ಒಲೆಗೆ ಹಾಕಬ್ಯಾಡ್ರಿ, ಒಂದೊಂದನ್ನೂ ಮೂರು ಸಲ ಮಗುಚಿ ಒಣಗ್ಸೀನಿ ಅಂತ ಬರಿ" ಎನ್ನುತ್ತಿದ್ದಾಳೆ ಅವ್ವ.

 

ದಾವಣಗೆರೆ
೫-೩-೧೯೬೧, ಭಾನುವಾರ

ಉಮಾಮಹೇಶ್ವರಿಗೆ, ಮತ್ತು ನೀನು ಓದಿ ಹೇಳುವಾಗ ಕೇಳಿಸಿಕೊಳ್ಳುವ ಅತ್ತೆಯವರಿಗೆ,

ಎರಡು ವಾರದಲ್ಲಿ ಮೂರು ಸಲ ಉತ್ತರ ಬರೆದೆ. ಮೊದಲನೆಯದರಲ್ಲಿ ನಾನು ಸರಿಯಾಗಿದ್ದೆ. ಎರಡನೆಯದರಲ್ಲಿ ಎಲ್ಲರೂ ಸ್ವಲ್ಪ ಸ್ವಲ್ಪ ಸರಿಯಾಗಿದ್ದರು. ಎರಡನ್ನೂ ಹರಿದೆ.

೧೯೫೪ರ ಬೇಸಿಗೆಯಲ್ಲಿ ಮೊದಲ ಚೀಲ ಬಂತು. ಮಕ್ತುಮ್ ಸಾಬ್ ತನ್ನ ಲಾರಿಯಲ್ಲಿ ಶಿವಮೊಗ್ಗದಿಂದ ತಂದು ಅಂಗಳದಲ್ಲಿ ಇಳಿಸಿದ. ಎಲೆಗಳು ಬಾಡುವ ಮೊದಲು ಹಳೆಯ ಪತ್ರಿಕೆಗಳ ನಡುವೆ ಇಡಬೇಕಿತ್ತು. ತೊಟ್ಟು ಕಾಗದದ ಹೊರಗೆ ಚಾಚುತ್ತಿತ್ತು. ಒಳಗೆ ಮಡಿಸಿದರೆ ಉಬ್ಬಿ, ಪಕ್ಕದ ಎಲೆಗೆ ಬೂಷ್ಟು ಹಿಡಿಯುತ್ತಿತ್ತು. ಅತ್ತೆಯವರು ಎರಡು ಬಾರಿ ಕೇಳಿದರು: "ತೊಟ್ಟು ಇಡ್ಲೋ ಬ್ಯಾಡವೋ, ಹೇಳ್ರಿ." ನಾನು ಪುಸ್ತಕದಿಂದ ತಲೆ ಎತ್ತದೆ, ತೊಟ್ಟು ನನಗೆ ಬೇಡ, ಊಟದೆಲೆಗೆ ಮಾಡುವ ಹಾಗೇ ಮಾಡಿ, ಎಂದೆ. ನೀನು ಬಾಗಿಲಲ್ಲಿ ನಿಂತದ್ದು ನನಗೆ ನೆನಪಿಲ್ಲ. ಉಳಿದದ್ದೆಲ್ಲ ನೆನಪಿದೆ. ಕಾರ್ಡು ಬಂದ ಸಂಜೆಯೂ ನೆನಪಿತ್ತು. ಕಟ್ಟುಗಳನ್ನು ಬಿಚ್ಚುವ ಮೊದಲೇ ಒಳಗೆ ತೊಟ್ಟು ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅರವತ್ತು ಕಟ್ಟು ಬಿಚ್ಚಿದೆ. ಬಿಚ್ಚುತ್ತಿರುವಷ್ಟು ಹೊತ್ತು ಸಿಟ್ಟನ್ನು ಇನ್ನೊಬ್ಬರ ಮೇಲೆ ಇಟ್ಟಿರಬಹುದಿತ್ತು.

ಆಮೇಲೆ ಏಳು ವರ್ಷ ನನ್ನ ಕೈಗೆ ಬಂದದ್ದು ತೊಟ್ಟಿಲ್ಲದ ಹಾಳೆಗಳು. ಎಲೆ ಎಂದರೆ ಅಷ್ಟೇ ಎಂದು ನಾನು ನಂಬಿದೆ. ಕಾಡಿನಲ್ಲಿ ಕೊಂಬೆಗಳ ನಡುವೆಯೇ ನಿಂತು ನಾಲ್ಕು ಸಾವಿರ ಎಲೆ ಕಿತ್ತವನು ಕೊಂಬೆಯನ್ನು ನೋಡಲಿಲ್ಲ. ಎಣಿಸುತ್ತಿದ್ದೆ.

ಅತ್ತೆಯವರು ಹೇಳಿದ್ದನ್ನು ನನ್ನ ಪಟ್ಟಿಯ ಮುಂದೆ ಇಟ್ಟುಕೊಂಡು ಓದಿದೆ. ಅದಿದ್ದರೆ ಇದಿಲ್ಲ, ಇದಿದ್ದರೆ ಅದಿಲ್ಲ. ಹದಿನೇಳು ಜಾತಿಗಳು ಬುಡವನ್ನು ಕಿರಿದು ಮಾಡಿಕೊಂಡು ಸಂದಿ ಬಿಟ್ಟಿವೆ. ಹದಿನೈದು ಜಾತಿಗಳು ತೊಟ್ಟನ್ನು ಉದ್ದ ಮಾಡಿಕೊಂಡು ಅದೇ ಸಂದಿ ಬಿಟ್ಟಿವೆ. ಮೂವತ್ತೆರಡಕ್ಕೂ ಒಂದೇ ಉತ್ತರ. ಇಪ್ಪತ್ತೆರಡು ಪುಟಗಳನ್ನು ಕಿತ್ತೆಸೆಯಬಹುದು, ಹಾಗೆ ಮಾಡಿದರೆ ಪ್ರಬಂಧ ಮೊದಲಿಗಿಂತ ಎರಡು ಪಟ್ಟು ಗಟ್ಟಿಯಾಗುತ್ತದೆ. ಆದರೆ ಇದಕ್ಕೆ ನನ್ನ ಹತ್ತಿರ ಒಂದಂಗುಲದ ಅಳತೆಯೂ ಇಲ್ಲ. ಬೆರಳು ನೋಯುತ್ತಿತ್ತು ಎಂಬುದನ್ನು ಪಟ್ಟಿಯ ಯಾವ ಸಾಲಿನಲ್ಲಿ ಬರೆಯುವುದು? ಉತ್ತರ ಗೊತ್ತಿದ್ದೂ ಬರೆಯಲಾಗದೆ ಕೂತಿರುವುದು ಉತ್ತರ ಗೊತ್ತಿಲ್ಲದೆ ಕೂತಿರುವುದಕ್ಕಿಂತ ಕಷ್ಟ ಎಂದು ಈ ವಾರ ತಿಳಿಯಿತು. ಮೇಜನ್ನು ಎರಡು ಸಲ ಗುದ್ದಿದೆ. ಮಸಿಯ ಕುಡಿಕೆ ಬಿದ್ದು ಕಪಾಟಿನ ಕೆಳಗೆಲ್ಲ ನೀಲಿಯಾಗಿದೆ. ಬಂದಾಗ ನೋಡುತ್ತೀ, ಈಗಲೇ ಹೇಳಿರುತ್ತೇನೆ.

ಇನ್ನೊಂದು. ಹೋದ ಭಾನುವಾರ ನಾನು ಹರಿಹರಕ್ಕೆ ಬಂದಿದ್ದೆ. ಬಸ್ಸಿಳಿದು ನಿಮ್ಮ ಬೀದಿಯ ತಿರುವಿನವರೆಗೆ ಬಂದೆ. ಅತ್ತೆಯವರು ಪಡಸಾಲೆಯಲ್ಲಿ ಕೂತು ಎಲೆ ಹಚ್ಚುತ್ತಿದ್ದುದು ಕಾಣಿಸಿತು. ಎಲೆಯನ್ನು ಕಣ್ಣಿನ ಹತ್ತಿರ ತರುವುದೇ ಇಲ್ಲ ಅವರು. ಎಡಗೈಯಲ್ಲಿ ಎತ್ತಿ, ಹೆಬ್ಬೆರಳಿನಿಂದ ಒಮ್ಮೆ ಸವರಿ, ಕೆಲವನ್ನು ಬಲಕ್ಕೆ, ಕೆಲವನ್ನು ಹಿಂದಕ್ಕೆ ಹಾಕುತ್ತಿದ್ದರು. ಏಳು ವರ್ಷ ನನ್ನ ಮನೆಯಲ್ಲಿ ನಡೆದ ಆ ಕೆಲಸವನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಮೂಲೆಯಲ್ಲಿ ಹೂವು ಮಾರುತ್ತಿದ್ದ ಹೆಂಗಸು, "ಯಾರ ಮನೆ ಬೇಕಿತ್ರೀ?" ಎಂದಳು. ಗುಡಿಗೆ ಹೇಗೆ ಹೋಗಬೇಕು ಎಂದು ಕೇಳಿಬಿಟ್ಟೆ. "ಹರಿಹರಕ್ಕೆ ಬಂದು ಗುಡಿ ಎಲ್ಲೈತೆ ಅಂತೀರಲ್ರೀ, ಬೆನ್ನ ಹಿಂದೇನೇ ಐತೆ ನೋಡ್ರಿ" ಎಂದು ನಕ್ಕಳು. ಹಿಂದೆ ತಿರುಗಿದೆ. ತಿರುಗಿದ ಮೇಲೆ ಮತ್ತೆ ನಿಮ್ಮ ಮನೆಯ ಕಡೆಗೆ ತಿರುಗುವುದು ಆಗಲಿಲ್ಲ.

ಅತ್ತೆಯವರೇ, ಆ ಸಂಜೆ ಅಂದ ಮಾತನ್ನು ನಾನು ಅನ್ನಬಾರದಿತ್ತು. ತೊಟ್ಟು ತೆಗೆಯಲು ಹೇಳಿದವನು ನಾನು. ತಪ್ಪು ನನ್ನದು. ಇದನ್ನು ಮುರುಗೇಶಪ್ಪನ ಮುಂದೆ ಓದಿಸಿಕೊಂಡರೂ ನನ್ನ ಅಭ್ಯಂತರವಿಲ್ಲ.

ಕೊನೆಗೊಂದು ಒಳ್ಳೆಯ ಸುದ್ದಿ. ಪ್ರೊಫೆಸರರು ಒಂದು ವರ್ಷದ ಅವಧಿ ಹೆಚ್ಚು ಮಾಡಿಸಿದ್ದಾರೆ. ಅವಧಿ ಬೇಕಾದರೆ ಕಾರಣ ತಿಳಿಸಬೇಕು ಎಂದಿದ್ದರು, ತಿಳಿಸಿದ್ದೆ. ಶುಕ್ರವಾರ ಮಂಜೂರಾತಿ ಬಂತು. ಏಪ್ರಿಲ್ ರಜೆಗೆ ಕಾಡಿಗೆ ಹೋಗುತ್ತೇನೆ. ಈ ಸಲ ಎಲೆ ಕೀಳುವುದಿಲ್ಲ, ಕೊಂಬೆಯನ್ನೇ ಕಡಿದು ತರುತ್ತೇನೆ. ನಿಲ್ಲಿಸಿ, ಏಣಿ ಹತ್ತಿ, ಬೆಳಕು ಬರುವ ಕಡೆಯಿಂದ ನೋಡುತ್ತೇನೆ. ತೊಟ್ಟು ಅಳೆಯುವುದು ನಾನು. ಯಾವುದು ನೆರಳಿನದು, ಯಾವುದು ಬಿಸಿಲಿನದು ಎಂದು ಬೆರಳಿನಿಂದ ಬೇರೆ ಮಾಡಿಕೊಡಲು ಅತ್ತೆಯವರು ಬರುತ್ತಾರೆಯೇ, ಕೇಳು. ಒಣಗಿದ ಎಲೆಗಳನ್ನು ಒಲೆಗೆ ಹಾಕಿಲ್ಲ. ಹಾಗೆಯೇ ಇವೆ.

ನಿನ್ನ,
ವಾಮದೇವಪ್ಪ

ತಾ.ಕ.: ಇಲ್ಲಿಂದ ಮುಂದಿನದನ್ನು ಅತ್ತೆಯವರಿಗೆ ಓದಬೇಡ ಎಂದು ಬರೆದು ಹೊಡೆದು ಹಾಕಿದ್ದೇನೆ. ಓದುವುದು ಬಿಡುವುದು ನಿನಗೆ ಬಿಟ್ಟದ್ದು.

ಪ್ರೊಫೆಸರರಿಗೆ ನಾನು ತಿಳಿಸಿದ ಕಾರಣ ಹೀಗಿತ್ತು: "ಮನೆಯಲ್ಲಿರುವ, ಅಕ್ಷರ ಬಾರದ, ದೃಷ್ಟಿ ಮಂದವಾದ ವೃದ್ಧ ಬಂಧುವೊಬ್ಬರು ನನಗೆ ತಿಳಿಯದಂತೆ ಎಲ್ಲ ಎಲೆಗಳ ತೊಟ್ಟುಗಳನ್ನು ಕಿತ್ತುಹಾಕಿದ್ದರಿಂದ." ನಿನಗೆ ಮೊದಲ ಪತ್ರ ಬರೆದ ಮರುದಿನ ಇದನ್ನು ಬರೆದು ಅಂಚೆಗೆ ಹಾಕಿದೆ. ಅವರು ಬಹಳ ಸಹಾನುಭೂತಿಯಿಂದ ಉತ್ತರಿಸಿದ್ದಾರೆ. ಇಂಥ ಮನೆಯ ವಾತಾವರಣದಲ್ಲಿ ಸಂಶೋಧನೆ ಮಾಡುವುದು ಎಷ್ಟು ಕಷ್ಟ ಎಂದು ಬಲ್ಲೆ, ಎಂದಿದ್ದಾರೆ. ಹೆಚ್ಚಿನ ಆ ಒಂದು ವರ್ಷ ನನಗೆ ಸಿಕ್ಕದ್ದು ಅತ್ತೆಯವರ ಕಣ್ಣಿನ ಮೇಲೆ ಹೊರಿಸಿದ ಸುಳ್ಳಿನಿಂದ.

ನಿನ್ನೆ ಪ್ರೊಫೆಸರರಿಗೆ ನಿಜ ಬರೆದೆ. ಹೇಳಿದವನು ನಾನೇ ಎಂದೂ, ಉತ್ತರ ಹೇಳಿಕೊಟ್ಟವರು ಅದೇ ವೃದ್ಧ ಬಂಧು ಎಂದೂ, ಅವರ ಹೆಸರು ಕಸ್ತೂರಮ್ಮ ಎಂದೂ ಬರೆದಿದ್ದೇನೆ. ಅದನ್ನು ಓದಿದ ಮೇಲೆ ಅವರು ಆ ವರ್ಷವನ್ನು ನನಗೆ ಉಳಿಸುತ್ತಾರೆಂಬ ನಂಬಿಕೆ ನನಗಿಲ್ಲ. ವಿಳಾಸ ಬರೆದು, ಸ್ಟಾಂಪು ಹಚ್ಚಿ, ನಿನ್ನೆ ಸಂಜೆ ಅಂಚೆ ಡಬ್ಬಿಯವರೆಗೆ ಹೋಗಿ ವಾಪಸು ತಂದೆ. ಇವತ್ತು ಬೆಳಿಗ್ಗೆಯೂ ಹೋಗಿ ವಾಪಸು ತಂದೆ. ಈಗ ಅದನ್ನು ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಹರಿಹರದಲ್ಲಿ ನೀನು ಹಾಕು. ನನ್ನ ಕೆಲಸವನ್ನು ಮತ್ತೆ ನಿಮ್ಮ ಮನೆಯ ಹೆಂಗಸರ ಕೈಗೆ ಕೊಡುತ್ತಿದ್ದೇನೆ ಎಂಬುದು ನನಗೆ ಗೊತ್ತಿದೆ.

ಹಾಕಿದ ದಿನ ಯಾವುದೆಂದು ಮಾತ್ರ ನನಗೆ ಬರೆಯಬೇಡ.